ಹೊನ್ನಾವತಿಯ ಐದು ಮಟ್ಟುಗಳು

ಚಾಮರಾಜನಗರ
೧೮-೦೨-೨೦೨೫, ಮಂಗಳವಾರ

ನನ್ನ ಮುದ್ದು ಶಿವಾನಿಗೆ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ನಿನ್ನೆ ತಾನೇ ಫೋನಿನಲ್ಲಿ ಕೇಳಿಯಾಗಿದೆ. ದಿನವೂ ಮಾತಾಡುವ ಅಮ್ಮ ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ, ನನ್ನ ಮೈಗೆ ಏನೂ ಆಗಿಲ್ಲ. ಫೋನಿನಲ್ಲಿ ನನಗೆ ಸುಳ್ಳು ತೀರಾ ಸಲೀಸಾಗಿ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತನೇ ತಾರೀಖು ಭಾನುವಾರ ನಾನು ಗುಂಡ್ಲುಪೇಟೆಯಲ್ಲಿದ್ದೆ. ನಿನ್ನ ನಾಟಕ ನೋಡಿದೆ.

ಬರಬೇಡ ಎಂದಿದ್ದೆ ನೀನು. "ಬಿಸ್ಲು ಕಣಮ್ಮ, ಬಸ್ಸಲ್ಲಿ ನೂಕಾಟ, ವಿಡಿಯೋ ಕಳುಸ್ತೀನಿ" ಎಂದೆ. ಮಗಳಿಗೆ ನನ್ನ ಮೊಣಕಾಲಿನ ಚಿಂತೆ ಎಂದುಕೊಂಡು ಮನಸ್ಸಿನಲ್ಲೇ ಹಿಗ್ಗಿದೆ. ಆಮೇಲೆ ಹೇಳದೆ ಹೋಗಿ ನಿನ್ನನ್ನು ಬೆರಗಾಗಿಸೋಣ ಎನ್ನಿಸಿತು. ಪಕ್ಕದ ಮನೆಯ ಕರಿಬಸಮ್ಮನನ್ನು ಹೊರಡಿಸಿದೆ. ಮಧ್ಯಾಹ್ನದ ಬಸ್ಸು ಹಿಡಿದು, ತೆರಕಣಾಂಬಿ ದಾಟುವವರೆಗೂ ಅವಳಿಗೆ ಒಂದೊಂದೇ ಹಾಡಿನ ಕಥೆ ಹೇಳಿದೆ. ಉಡಿಗಾಲದ ನೀಲಕಂಠಸ್ವಾಮಿ ಮೇಷ್ಟ್ರು 'ಹೊನ್ನಾವತಿ ಸ್ವಯಂವರ' ಬರೆದದ್ದು, ಹನ್ನೊಂದು ಹಾಡುಗಳಲ್ಲಿ ಆರಕ್ಕೆ ಅವರೇ ಮಟ್ಟು ಕಟ್ಟಿದ್ದು, ಹೊನ್ನಾವತಿಯ ಐದಕ್ಕೆ ಬಂದಾಗ ಹಾರ್ಮೋನಿಯಮ್ಮನ್ನು ನನ್ನ ಕಡೆ ತಳ್ಳಿ, "ಎಣ್ಣಿನ ಆಡು ನನ್ ಕೈಗೆ ಬರಕಿಲ್ಲ, ನೀನೇ ಮಟ್ ಆಕಮ್ಮಿ" ಎಂದದ್ದು. ನಿನಗೆ ಇದೆಲ್ಲ ಗೊತ್ತು. ಕರಿಬಸಮ್ಮನಿಗೆ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಪಕ್ಕದಲ್ಲಿದ್ದರೂ ನಾನು ರವಿಕೆ ಹೊಲಿಯುವವಳೆಂದಷ್ಟೇ ಅವಳಿಗೆ ಗೊತ್ತಿತ್ತು.

ಕಲ್ಯಾಣ ಮಂಟಪದ ಕೊನೆಯ ಸಾಲಿನಲ್ಲಿ ಕುಳಿತೆವು. ಎಲ್ಲಕ್ಕೂ ಮುಂದಿನ ಸಾಲಿನಲ್ಲಿ ನಿನ್ನ ಅತ್ತೆ ಚಿಕ್ಕಮಲ್ಲಮ್ಮನವರು, ಅಳಿಯಂದಿರು, ನೀನು ಪಾಠ ಮಾಡುವ ಸ್ಕೂಲಿನವರು ಇದ್ದರು. ಆಟ ಮುಗಿದ ಮೇಲೆ ಬಂದು ನಿನ್ನ ಕಣ್ಣು ಮುಚ್ಚೋಣ ಎಂದಿದ್ದೆ.

ಹಾಡುಗಳ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಆ ಹಳೇ ನಾಟಕವನ್ನು ರಾಕ್ ಸಂಗೀತ ಹಾಕಿ ಆಡಿಸುತ್ತೇನೆಂದು ಹೋದ ದೀಪಾವಳಿಯಿಂದ ಪ್ರತಿ ಶನಿವಾರ ನೀನು ಬಂದು ನನ್ನ ಮುಂದೆ ಫೋನು ಇಟ್ಟು ಹಾಡಿಸಿದೆಯಲ್ಲ, ಆ ಮೂರು ತಿಂಗಳಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ. ತಬಲ ತೆಗೆದು ಡ್ರಮ್ ಸೆಟ್ ಹಾಕುತ್ತೇನೆಂದಾಗ ಬೈದೆ. ಸುಲ್ತಾನ್ ಬತ್ತೇರಿಯ ಆ ಡ್ರಮ್ಮರ್ ಹುಡುಗನಿಗೆ ನಮ್ಮ ತಾಳ ಹೇಗೆ ತಿಳಿಯುತ್ತದೆ ಎಂದೆ. ಆದರೆ ಶುದ್ಧ ಧನ್ಯಾಸಿಯ ಹಾಡನ್ನು ನೀನು ಗಿಟಾರಿನಲ್ಲಿ ನುಡಿಸಿ, "ಅಮ್ಮ, ರಾಕ್ ಕಲಿಯೋರು ಮೊದ್ಲು ಕಲಿಯೋದೇ ಈ ಐದು ಸ್ವರ" ಎಂದು ನಕ್ಕಾಗ ನಾನು ಸೋತೆ. ಅನುಪಲ್ಲವಿಗೆ ಮುಂಚೆ ಎರಡು ಆವರ್ತ ಸುಮ್ಮನಿರು, ಬೇಸ್ ಗಿಟಾರ್ ಒಂದೇ ಮಾತಾಡಲಿ ಎಂದದ್ದು ನಾನು. ಒಪ್ಪುವುದೇ ಇಲ್ಲ ಎಂದು ನೀನು, ಹಟ ಹಿಡಿದು ನಾನು. ಸಾರು ಉಕ್ಕಿ ಒಲೆ ಆರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಆ ಶನಿವಾರಗಳಲ್ಲಿ ನಾವು ತಾಯಿ ಮಗಳಾಗಿರಲಿಲ್ಲ, ಒಂದೇ ಕೆಲಸದ ಇಬ್ಬರು ಆಳುಗಳಾಗಿದ್ದೆವು.

ಅಂದು ಮಂಟಪದಲ್ಲಿ ಆ ಬೇಸಿನ ಎರಡು ಆವರ್ತ ಕೇಳಿದಾಗ ಎದೆಯ ಗೂಡಿನಲ್ಲಿ ಅದುರಿತು. ಹೊನ್ನಾವತಿ ರಾಜರನ್ನೆಲ್ಲ ನೋಡಿ, "ಮಾಲೆ ನನ್ನದು, ಕೈ ನನ್ನದು, ಕೊರಳ ಚಾಚಬೇಡಿ" ಎಂದು ಹಾಡುವ ಕಡೆ ಗಿಟಾರು ಕೂಗಿತಲ್ಲ, ಮುಂದಿದ್ದ ಕಾಲೇಜು ಹುಡುಗಿಯರೆಲ್ಲ ಎದ್ದು ನಿಂತರು. ನಾನು ಹೊನ್ನಾವತಿಯಾಗಿ ಹಾರ್ಮೋನಿಯಮ್ಮಿನ ಜೊತೆ ಅದನ್ನು ಹಾಡಿದಾಗ ಜನ ಅತ್ತಿದ್ದರು, ಯಾರೂ ಎದ್ದು ನಿಂತಿರಲಿಲ್ಲ. ಎದ್ದು ನಿಲ್ಲಬೇಕಾದ ಹಾಡು ಅದು ಎಂದು ನನಗೆ ಅವತ್ತೇ ತಿಳಿದದ್ದು. ಕರಿಬಸಮ್ಮ ನನ್ನ ಕೈ ಹಿಡಿದುಕೊಂಡಿದ್ದಳು.

ಆಟ ಮುಗಿದ ಮೇಲೆ ಕಾರ್ಯಕ್ರಮದ ನಿರೂಪಕ ಮೈಕು ಹಿಡಿದು ನಿನ್ನನ್ನು ಕೇಳಿದ. ಗುಂಪು ಹಾಡುಗಳು ನೀಲಕಂಠಸ್ವಾಮಿ ಮೇಷ್ಟ್ರವು ಎಂದಿರಿ, ಹೊನ್ನಾವತಿಯ ಹಾಡುಗಳು ಎಲ್ಲಿ ಸಿಕ್ಕಿದವು ಎಂದು. ನಾನು ಸೆರಗು ಸರಿ ಮಾಡಿಕೊಂಡೆ. ನಗಬೇಡ. ಹೆಸರು ಕರೆದರೆ ಎದ್ದು ನಿಲ್ಲಬೇಕಾಗುತ್ತದೆ ಎಂದು ಸರಿ ಮಾಡಿಕೊಂಡೆ.

ನೀನು ಒಂದು ಸಲ ಮುಂದಿನ ಸಾಲಿನತ್ತ ನೋಡಿದೆ. "ನಾನು ಚಿಕ್ಕೋಳಿದ್ದಾಗ ನಮ್ಮನೆಗೆ ಕೆಲಸಕ್ಕೆ ಒಬ್ರು ಅಜ್ಜಿ ಬರ್ತಿದ್ರು. ಪಾತ್ರೆ ತೊಳೀತಾ ಹಾಡ್ಕೋತಿದ್ರು. ಅವ್ರಿಂದ ಕಲಿತೆ. ಈಗ ಅವ್ರಿಲ್ಲ" ಎಂದೆ.

ನಮ್ಮ ಮನೆಗೆ ಯಾವತ್ತು ಕೆಲಸದವರು ಬಂದಿದ್ದರು ಶಿವಾನಿ? ಪಾತ್ರೆ ತೊಳೆದವಳು ನಾನು. ಹಾಡಿಕೊಂಡವಳೂ ನಾನು.

ನಿರೂಪಕ ಜನರತ್ತ ತಿರುಗಿದ. ಹೆಸರಿಲ್ಲದೆ ಹೋದ ಆ ತಾಯಿಗೆ ಒಂದು ಚಪ್ಪಾಳೆ ಎಂದ. ಮಂಟಪವೆಲ್ಲ ಎದ್ದು ತಟ್ಟಿತು. ನಾನೂ ಎದ್ದೆ, ನಾನೂ ತಟ್ಟಿದೆ. ಸುಮ್ಮನೆ ಕುಳಿತರೆ ಪಕ್ಕದವರು ತಿರುಗಿ ನೋಡುತ್ತಾರೆಂದು ನನ್ನ ಸಾವಿಗೆ ನಾನೇ ತಟ್ಟಿದೆ. ಕರಿಬಸಮ್ಮ ತಟ್ಟಲಿಲ್ಲ. "ಇದೇನಕ್ಕ ಇದು, ಕೂತಿರೋ ಅಂಗೇ ನಿನ್ನ ಸಾಯ್ಸ್‌ಬುಟ್ಲಲ್ಲ! ತಡಿ, ಓಗಿ ಕೇಳ್ತೀನಿ" ಎಂದು ಹೊರಟವಳ ಸೆರಗು ಹಿಡಿದು ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಊರಲ್ಲಿ ಬಸ್ಸು ಇಳಿಯುವಾಗ ಅವಳು, ನಾಳೆಯಿಂದ ಹಾಲು ನಾನೇ ತಂದುಕೊಡುತ್ತೇನೆ, ನೀನು ಬೀದಿಗೆ ಬರಬೇಡ ಎಂದಳು. ಮನೆಯಲ್ಲಿ ಸಾವಾದವರಿಗೆ ಹೇಳುವ ಹಾಗೆ.

ನಾನು ಬೀಗ ತೆಗೆಯುವಷ್ಟರಲ್ಲಿ ನಿನ್ನ ಫೋನು ಬಂತು. "ಸಖತ್ತಾಗಾಯ್ತಮ್ಮ, ನೀನಿರ್ಬೇಕಿತ್ತು" ಎಂದೆ. ಸಂತೋಷ ಕಣಮ್ಮಿ ಎಂದೆ ನಾನು. ನಿನ್ನ ದನಿಯಲ್ಲಿ ಏನಾದರೂ ತೊಡರಿತೇ ಎಂದು ಕಿವಿಯಿಟ್ಟು ಕೇಳಿದೆ. ಏನೂ ತೊಡರಲಿಲ್ಲ.

ಒಂಬತ್ತು ದಿನ ಯೋಚಿಸಿದ್ದೇನೆ. ನಿನ್ನ ಪರವಾಗಿಯೂ ಯೋಚಿಸಿದ್ದೇನೆ. ಸುಳ್ಳು ಕಲಿಸಿದವಳು ನಾನೇ. ನಿನ್ನ ಅಪ್ಪ ತೀರಿಕೊಂಡಾಗ ನಿನಗೆ ಏಳು ವರ್ಷ. ಊರೂರಿನ ಗಂಡಸರು ಕಟ್ಟಿದ ನಾಟಕಗಳಿಗೆ ಹೆಣ್ಣು ಪಾತ್ರಕ್ಕೆಂದು ನಾನು ಹೋದೆ. ಲಿಂಗ ಕಟ್ಟಿದ ಮನೆಯ ಹೆಂಗಸು ಬಣ್ಣ ಹಚ್ಚಿದಳೆಂದು ನನ್ನ ಅಣ್ಣಂದಿರು ಬಾಗಿಲು ಮುಚ್ಚಿದರು. ಐದನೇ ಕ್ಲಾಸಿನ ಅರ್ಜಿಯಲ್ಲಿ ತಾಯಿಯ ಕೆಲಸ ಎಂಬ ಕಡೆ ಏನು ಬರೆಯಲಿ ಎಂದು ನೀನು ಕೇಳಿದಾಗ, ಟೈಲರ್ ಎಂದು ಬರಿ ಎಂದೆ. ಸುಳ್ಳಾಗಬಾರದೆಂದು ಆಮೇಲೆ ಹೊಲಿಗೆ ಕಲಿತೆ. ನೀನು ಹೈಸ್ಕೂಲಿಗೆ ಸೇರಿದ ವರ್ಷ ಪಾತ್ರ ಬಿಟ್ಟೆ. ನಿನ್ನ ಮದುವೆಯ ಮಾತುಕತೆಗೆ ಮುಂಚೆ ಹೊನ್ನಾವತಿಯ ಫೋಟೋಗಳನ್ನು ಟ್ರಂಕಿಗೆ ಹಾಕಿದವಳೂ ನಾನೇ. ಚಿಕ್ಕಮಲ್ಲಮ್ಮನವರು ಕೇಳಿದಾಗ, ನೆಲ ನೋಡಿಕೊಂಡು, ರವಿಕೆ ಹೊಲಿಯುತ್ತೇನೆ ಎಂದೆ.

ಆದ್ದರಿಂದ ನೀನು ಹೆದರಿದೆ ಎಂಬುದು ನನಗೆ ಅರ್ಥವಾಗುತ್ತದೆ. ಮಟ್ಟು ಯಾರದೋ ಗೊತ್ತಿಲ್ಲ ಎಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಹಳೇ ಕಾಲದ ಹಾಡು ಎಂದಿದ್ದರೂ ನುಂಗುತ್ತಿದ್ದೆ. ನಾನು ನನ್ನ ಕೆಲಸವನ್ನು ಬಚ್ಚಿಟ್ಟೆ ಮಗಳೇ, ಯಾರನ್ನೂ ಸಾಯಿಸಲಿಲ್ಲ. ಪಾತ್ರೆ ತೊಳೆಯುವ ಅಜ್ಜಿಯನ್ನು ನೀನು ಆ ಕ್ಷಣದಲ್ಲಿ ಹುಟ್ಟಿಸಲಿಲ್ಲ, ಅಷ್ಟು ಸರಾಗವಾಗಿ ಹೇಳಿದೆ. ಬರಬೇಡ ಎಂದು ಫೋನು ಮಾಡಿದ ದಿನವೇ ಅವಳು ನಿನ್ನ ಬಾಯಲ್ಲಿದ್ದಳು. ಬಹುಶಃ ಆ ಶನಿವಾರಗಳಲ್ಲೂ ಇದ್ದಳು. ನಾನು ಕಣ್ಣು ಮುಚ್ಚಿ ಹಾಡುತ್ತಿದ್ದಾಗ, ಎದುರು ಕುಳಿತ ನೀನು ಇದನ್ನು ಯಾರದೆಂದು ಹೇಳಲಿ ಎಂದು ಲೆಕ್ಕ ಹಾಕುತ್ತಿದ್ದೆಯಾ? ಇದೊಂದು ಪ್ರಶ್ನೆ ನನ್ನನ್ನು ಮಲಗಲು ಬಿಡುತ್ತಿಲ್ಲ.

ಈ ಶನಿವಾರ ಬರಬೇಡ. ಐದರಲ್ಲಿ ಮೂರು ನಿನ್ನ ಬಳಿ ಇವೆ, ಅವನ್ನು ನಾನು ವಾಪಸ್ಸು ಕೇಳುವುದಿಲ್ಲ. ಅವು ಈಗ ನಿನ್ನ ಬ್ಯಾಂಡಿನ ಹುಡುಗರ ಕೈಯಲ್ಲಿ ಬೇರೆಯೇ ಆಗಿ ಬೆಳೆದಿವೆ. ಉಳಿದ ಎರಡನ್ನು ಹೇಳಿಕೊಡುವುದಿಲ್ಲ. ಸತ್ತವರು ಹೇಳಿಕೊಡುವುದಿಲ್ಲವಲ್ಲ. ಬರಲೇಬೇಕೆನಿಸಿದರೆ ಫೋನು ರೆಕಾರ್ಡಿಗೆ ಹಾಕದೆ, ಗಿಟಾರು ತರದೆ ಬಾ. ಆಗಲೂ ಬಾಗಿಲು ತೆಗೆಯುತ್ತೇನೆಂದು ಈಗಲೇ ಮಾತು ಕೊಡಲಾರೆ.

ಅಳಿಯಂದಿರಿಗೆ ಈ ಕಾಗದ ತೋರಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಇನ್ನೂ ಬದುಕಿರುವ,
ಶಶಿರೇಖಾ
(ನಿನ್ನ ಅಮ್ಮ)

ಮರೆತ ಮಾತು, ಗುರುವಾರ: ಕಾಗದ ಮಡಿಸಿಟ್ಟು ಎರಡು ದಿನವಾದರೂ ಅಂಚೆಗೆ ಹಾಕಲು ಕೈ ಬಂದಿರಲಿಲ್ಲ. ಇಂದು ಬೆಳಿಗ್ಗೆ ನಿನ್ನ ಅತ್ತೆ ಒಬ್ಬರೇ ಬಸ್ಸಿನಲ್ಲಿ ಬಂದರು. ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು, "ಉಡಿಗಾಲ ನನ್ ತವ್ರು ಕಣ ಬೀಗಿತ್ತಿ. ನಿಮ್ ಒನ್ನಾವತಿನ ಮೂರ್ ಸಲ ನೋಡಿವ್ನಿ. ಎಣ್ ನೋಡಕ್ ಬಂದ್ ದಿನವೇ ಗುರ್ತು ಸಿಕ್ತು. ನೀವು ಒಲ್ಗೆ ಅಂದ್ರಿ, ಏಳಕ್ಕಿಷ್ಟ ಇಲ್ವೇನೋ ಅಂತ ಸುಮ್ಕಾದೆ" ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಅವರಿಗೆ ತಿಳಿಯಬಾರದೆಂದೇ ನೀನು ನನ್ನನ್ನು ಸಾಯಿಸಿದೆ, ಅವರಿಗೋ ಆರು ವರ್ಷದಿಂದ ಎಲ್ಲ ಗೊತ್ತು. ಸೊಸೆ ತಾನಾಗಿ ಬಾಯಿ ಬಿಡಲಿ, ಅಲ್ಲಿಯವರೆಗೆ ನೀವು ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡು ಈಗಷ್ಟೇ ಹೋದರು. ಕೊಟ್ಟ ಮಾತಿಗೆ ಇನ್ನೂ ಒಂದು ಗಂಟೆಯೂ ಆಗಿಲ್ಲ, ಮುರಿದು ನಿನಗೆ ಬರೆಯುತ್ತಿದ್ದೇನೆ.