ಮೂರನೆಯ ಆಷಾಢದ ಒಪ್ಪುಗಲ್ಲು

ದಾವಣಗೆರೆ
ಮೂರನೆಯ ಆಷಾಢದ ಮೂವತ್ತೇಳನೆಯ ದಿನ, ೨೧೯೪

ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುತ್ತಿರುವ, ನನಗಿಂತ ಎಷ್ಟೋ ತಲೆಮಾರು ಹಿಂದಿನ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಹಾಲಮ್ಮನ ನಮಸ್ಕಾರ.

ಹಿಂದಿನ ಕಾಲದವರಿಗೆ ಪತ್ರ ಬರೆಯುವಾಗ ನಮ್ಮ ಮಾತು ವಿಚಿತ್ರವಾಗಿ ಕಂಡೀತೆಂದು ಮೊದಲಿಗೇ ಕ್ಷಮೆ ಕೇಳುವುದು ನಮ್ಮಲ್ಲಿ ರೂಢಿ. ನಾನು ಕೇಳುವುದಿಲ್ಲ. ಸೀರೆ ವಿಭಾಗದಲ್ಲಿ ಹನ್ನೊಂದು ವರ್ಷ ಕ್ಷಮಿಸಿ ಎಂಬ ಶಬ್ದವನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಅರ್ಥವಾಗದ್ದು ಬಂದರೆ ಇನ್ನೊಂದು ಸಲ ಓದಿಕೊಳ್ಳಿ. ಅಕ್ಷರ ಸೊಟ್ಟಗಿದ್ದರೆ ಅದಕ್ಕೊಂದು ಕಾರಣವಿದೆ. ಎಲ್ಲಿಂದ ಬರೆಯುತ್ತಿದ್ದೇನೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ದಿನಾಂಕ ನೋಡಿ ಹುಬ್ಬೇರಿಸಬೇಡಿ. ನಿಮಗೆ ವರ್ಷಕ್ಕೆ ಒಂದೇ ಆಷಾಢ, ಪುಣ್ಯವಂತರು. ಆಷಾಢದಲ್ಲಿ ಮದುವೆ ಇಲ್ಲ, ವ್ಯಾಪಾರ ಇಲ್ಲ ಎಂದು ರಿಯಾಯಿತಿ ಮಾರಾಟ ಹಚ್ಚಿದವರು ನಿಮ್ಮ ಕಾಲದ ಅಂಗಡಿಯವರೇ. ಜನ ಮುಗಿಬಿದ್ದದ್ದು ಕಂಡು ಮಾಲೀಕರ ಸಂಘದವರು ಮುಂದೊಂದು ದಿನ ಎರಡನೆಯ ಆಷಾಢವನ್ನು ಸಾರಿದರು, ಆಮೇಲೆ ಮೂರನೆಯದನ್ನು; ವ್ಯಾಪಾರ ಇಳಿಯುವ ತನಕ ಅದರ ದಿನಗಳನ್ನೂ ಹಿಗ್ಗಿಸುತ್ತಾರೆ. ಪಂಚಾಂಗದವರು ಕೂಗಾಡಿದರಂತೆ. ಅವರಿಗೂ ಅರ್ಧ ಬೆಲೆಗೆ ಮಡಿಪಂಚೆ ಕೊಟ್ಟು ಸುಮ್ಮನಾಗಿಸಿ, ಹೊಸ ಎರಡು ಆಷಾಢಗಳಲ್ಲಿ ಮದುವೆಗೆ ಅಡ್ಡಿಯಿಲ್ಲ ಎಂದೂ ಬರೆಸಿಕೊಂಡರಂತೆ. ಆಷಾಢದ ಸೇಲಿನಲ್ಲಿ ಕೆಲಸದವರಿಗೆ ರಜೆ ಇಲ್ಲ ಎಂಬ ನಿಮ್ಮ ಕಾಲದ ನಿಯಮ ಮಾತ್ರ ಕೂದಲೂ ಕೊಂಕದೆ ಉಳಿದುಬಂತು. ನನ್ನ ತಂಗಿಯ ಸೀಮಂತ ಒಂದು ಆಷಾಢಕ್ಕೆ ಸಿಕ್ಕಿಕೊಂಡಿತು, ಮಗುವಿನ ನಾಮಕರಣ ಇನ್ನೊಂದಕ್ಕೆ. ಆ ಮಗುವಿಗೀಗ ಹಲ್ಲು ಬಂದಿವೆ. ದೊಡ್ಡಮ್ಮನ ಮುಖ ಇನ್ನೂ ಕಂಡಿಲ್ಲ.

ನಮ್ಮ ದಿನ ನಗೆಕಣ್ಣಿನಿಂದ ಶುರುವಾಗುತ್ತದೆ. ಪ್ರತಿ ಕೌಂಟರಿನ ಮೇಲೂ ಗೋಲಿಯಷ್ಟು ದೊಡ್ಡ ಗಾಜೊಂದು ತೂಗುತ್ತಿರುತ್ತದೆ. ಅದು ನಮ್ಮ ತುಟಿಯನ್ನೇ ನೋಡುತ್ತಿರುತ್ತದೆ, ನಗು ಇಳಿದರೆ ಕೆಂಪಗಾಗುತ್ತದೆ. ನನ್ನ ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ನಾನು ಹಲ್ಲು ಕಿಸಿದುಕೊಂಡೇ ಒಬ್ಬರಿಗೆ ಜರಿಯಂಚು ತೋರಿಸುತ್ತಿದ್ದೆ. ಅಂಗಡಿಯಲ್ಲಿ ಕುರ್ಚಿ ಇರುವುದು ಗಿರಾಕಿಗೆ. ನಾವು ಕೂರುವಂತಿಲ್ಲ, ಗೋಡೆಗೆ ಒರಗುವಂತಿಲ್ಲ, ಮೂತ್ರಕ್ಕೆ ಹೋಗಬೇಕಾದರೂ ಮೇನೇಜರ್ ತಿಪ್ಪೇಶಪ್ಪನ ಮುಂದೆ ಬೆರಳೆತ್ತಿ ನಿಲ್ಲಬೇಕು. ಅವನು ಫೋನಿನಲ್ಲಿ ಮಾತು ಮುಗಿಸುವ ತನಕ ಮೈ ಬಿಗಿಹಿಡಿದು ಕಾಯಬೇಕು. ಗುಡ್ಡೆ ಬಿದ್ದ ಸೀರೆಗಳನ್ನು ಮಡಚಿ ಮತ್ತೆ ಕಪಾಟು ಸೇರಿಸುವ ಹೊತ್ತಿಗೆ ಬೆರಳ ತುದಿ ಉರಿಯುತ್ತಿರುತ್ತದೆ. ಇಷ್ಟನ್ನು ನೀವೂ ಬಲ್ಲಿರಿ, ಹೆಚ್ಚೇನೂ ಬದಲಾಗಿಲ್ಲ.

ನಿಮಗೆ ಗೊತ್ತಿಲ್ಲದ್ದು ಒಪ್ಪುಗಲ್ಲು. ಪ್ರತಿ ಅಂಗಡಿಯ ಬಾಗಿಲ ಬಳಿಯೂ ಮೊಣಕಾಲೆತ್ತರದ ಕರಿಕಲ್ಲೊಂದಿದೆ. ಗಿರಾಕಿ ದೂರು ಕೊಟ್ಟರೆ ಕೆಲಸದವರು ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಅದರ ಮೇಲೆ ಕೈ ಮುಗಿದು ನಿಂತು, ತಪ್ಪು ನನ್ನದು ಎನ್ನಬೇಕು. ದೂರು ನಿಜವೋ ಸುಳ್ಳೋ ಯಾರೂ ಕೇಳುವುದಿಲ್ಲ. ಮೂರು ಸಲ ಹತ್ತಿದವರಿಗೆ ಮುಂದೆ ಯಾವ ಊರಿನ ಯಾವ ಅಂಗಡಿಯಲ್ಲೂ ಕೆಲಸವಿಲ್ಲ. ಜೊತೆಗೆ ಮೌನಸಾಕ್ಷಿ ಎಂಬುದೊಂದಿದೆ. ಅದೇ ಕೌಂಟರಿನಲ್ಲಿ ದುಡಿಯುವ ಇನ್ನೊಬ್ಬರು ಆ ಹೊತ್ತಿಗೆ ಬಾಯಿ ಬಿಡದಿದ್ದರೆ ದೂರು ನಿಜವೆಂದು ಅವರೂ ಸಾಕ್ಷಿ ಹೇಳಿದಂತೆ. ಬಾಯಿ ಬಿಟ್ಟವರನ್ನು ನಾನಂತೂ ಈ ಊರಲ್ಲಿ ಕಂಡಿರಲಿಲ್ಲ. ಬಿಟ್ಟರೆ ಅವರ ಕೆಲಸವೂ ಹೋಗುತ್ತದೆ.

ನಿನ್ನೆ ನಡೆದದ್ದು ಕೇಳಿ. ನನ್ನ ಕೌಂಟರಿನಲ್ಲಿ ನನ್ನ ಜೊತೆ ಮೈಮುನಾ ಇದ್ದಾಳೆ. ಒಳ್ಳೆಯ ಹುಡುಗಿ, ಗಿರಾಕಿಯ ಮೈಬಣ್ಣ ನೋಡಿ ಸೀರೆ ತೆಗೆಯುವುದರಲ್ಲಿ ಅವಳ ಸಮ ಇಲ್ಲ. ಎರಡು ಸಲ ಕಲ್ಲು ಹತ್ತಿದ್ದಾಳೆ, ಎರಡೂ ಸಲ ಸುಳ್ಳು ದೂರಿಗೆ. ಹೋದ ವಾರ ಶಿವಲೀಲಕ್ಕ ಎಂಬ ದೊಡ್ಡಮನೆಯ ಹೆಂಗಸಿಗೆ ಅವಳು ಮೊಳಕಾಲ್ಮೂರಿನ ರೇಷ್ಮೆ ಸೀರೆ ಮಾರಿದ್ದಳು. ಆ ಮಹಾತಾಯಿ ಅದನ್ನು ಉಟ್ಟು, ಮದುವೆಯೂಟ ಉಂಡು, ಫಾಲ್ಸ್ ಬಿಚ್ಚಿಸಿಕೊಂಡು ನಿನ್ನೆ ವಾಪಸು ತಂದರು. ಉಟ್ಟುವಾಪಸು ಎಂದು ನಾವು ಇದನ್ನು ಕರೆಯುತ್ತೇವೆ, ಊರಿಗೂರೇ ಮಾಡುತ್ತದೆ.

"ಉಟ್ಟೇ ಇಲ್ರೀ ಸೀರೀನ! ಮನೀಗ್ ಹೋಗಿ ನೋಡ್ತೀನಿ, ಅರಿಶಿಣದ ಕಲೆ! ಈ ಹುಡುಗಿ ಕೊಡೋವಾಗ್ಲೇ ಇಂಥಾದ್ದು ಕೊಟ್ಟಾಳೆ" ಎಂದು ಅಂಗಡಿಯೆಲ್ಲ ಕೇಳುವಂತೆ ಕೂಗಿದರು. ಮೈಮುನಾ ನಗುತ್ತಲೇ ಸೀರೆ ಬಿಡಿಸಿದಳು. ಅಂಚಿನುದ್ದಕ್ಕೂ ಸೂಜಿಯ ತೂತು. ಇನ್ನೊಂದು ಮಡಿಕೆ ಬಿಡಿಸಿದಳು. ಒಳಗಿನಿಂದ ಹಳದಿ ಅಕ್ಷತೆಯ ಕಾಳೊಂದು ಕೌಂಟರಿನ ಗಾಜಿನ ಮೇಲೆ ಟಣ್ಣನೆ ಬಿತ್ತು. ನಾನು ನೋಡಿದೆ. ಶಿವಲೀಲಕ್ಕ ನೋಡಿದರು. ತಿಪ್ಪೇಶಪ್ಪನೂ ನೋಡಿದ.

ಅವನು ಏನು ಮಾಡಿದ ಗೊತ್ತೇ? ಆ ಕಾಳನ್ನು ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು, ಕಟಕಟ ಅಗಿದು ನುಂಗಿಬಿಟ್ಟ! ಯಾರದೋ ಮದುವೆಯಲ್ಲಿ ಹರಸಿ ಚೆಲ್ಲಿದ ಅಕ್ಕಿ. ನುಂಗಿ, ತುಟಿ ಒರೆಸಿಕೊಂಡು, "ಗಿರಾಕಿ ಜೋಡಿ ವಾದ ಮಾಡ್ತೀಯೇನವ್ವಾ? ನಾಳೆ ಮುಂಜಾನೆ ಕಲ್ಲು ಹತ್ತು. ಅಕ್ಕಾರೆ, ನೀವು ಬೇರೆ ಸೀರೆ ಆರಿಸ್ಕೊಳ್ರೀ" ಎಂದ. ಶಿವಲೀಲಕ್ಕ ಕುರ್ಚಿ ಎಳೆದುಕೊಂಡು ಕೂತು, ಅದೇ ಮೈಮುನಾಳ ಕೈಯಲ್ಲಿ ಒಂದು ಗುಡ್ಡೆ ಸೀರೆ ಬಿಚ್ಚಿಸಿದರು. ಹೇಳುತ್ತೇನೆ ಕೇಳಿ, ನನಗೆ ತಿಪ್ಪೇಶಪ್ಪನಿಗಿಂತ ಆಕೆಯ ಮೇಲೆ ಹೆಚ್ಚು ಸಿಟ್ಟು. ಅವನು ಹೊಟ್ಟೆಪಾಡಿನ ನಾಯಿ, ಮಾಲೀಕ ಛೂ ಎಂದರೆ ಕಚ್ಚುತ್ತಾನೆ. ಮನೆ ತುಂಬ ಸೀರೆ ಇರುವ ಆಕೆಗೆ ಏನು ಬಂದಿತ್ತು ದೊಡ್ಡ ರೋಗ?

ಮನೆಗೆ ಹೋಗುವ ಬಸ್ಸಿನಲ್ಲಿ ಮೈಮುನಾ ನನ್ನ ಕೈ ಹಿಡಿದುಕೊಂಡಳು. "ಹಾಲಕ್ಕಾ, ನಾಳೆ ನೀ ಏನೂ ಅನ್ನಬ್ಯಾಡ. ನಿನ್ ಕೆಲಸಾನೂ ಹೋದ್ರೆ ನಿಮ್ಮವ್ವನ್ನ ಯಾರು ನೋಡ್ತಾರೆ?" ಎಂದಳು. ತನ್ನ ಕೆಲಸ ಜನ್ಮಕ್ಕೆ ಹೋಗುತ್ತಿರುವಾಗ ನನ್ನ ಅವ್ವನ ಚಿಂತೆ ಮಾಡುತ್ತಿದ್ದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಈ ಉರಿ ನಿಮ್ಮ ಮೇಲೂ ಇದೆ, ತಿಳಿದುಕೊಳ್ಳಿ. ಈ ಕಲ್ಲು ಒಂದೇ ದಿನಕ್ಕೆ ಬಂದು ಕೂರಲಿಲ್ಲ. ಸುಳ್ಳು ದೂರು ಬಂದಾಗ ನಿಮ್ಮ ಮೇನೇಜರ್ ಒಬ್ಬ ಹುಡುಗಿಗೆ ಪಿಸುದನಿಯಲ್ಲಿ "ಸಾರಿ ಅಂತ ಅಂದ್ಬಿಡಮ್ಮಾ, ಹೋಗ್ಲಿ ಅತ್ಲಾಗೆ" ಎಂದನಲ್ಲ, ಅಲ್ಲಿಂದ ಹುಟ್ಟಿತು. ಅಂದವಳು ಅಂದಳು, ಪಾಪ, ಅವಳಿಗೆ ಅವತ್ತು ಬೇರೆ ದಾರಿ ಇರಲಿಲ್ಲ. ನನ್ನ ಸಿಟ್ಟು ಪಕ್ಕದಲ್ಲಿದ್ದವರ ಮೇಲೆ. ಮಡಚಿದ ಸೀರೆಯನ್ನೇ ಮತ್ತೆ ಬಿಡಿಸಿ ಮಡಚುತ್ತ ತಲೆ ತಗ್ಗಿಸಿದಿರಲ್ಲ? ಆಮೇಲೆ ಊಟದ ಹೊತ್ತಿಗೆ ಅವಳ ಡಬ್ಬಿಗೆ ಒಂದು ತುಂಡು ಹೋಳಿಗೆ ಹಾಕಿ, ಬೇಜಾರು ಮಾಡಿಕೋಬೇಡ ಎಂದಿರಲ್ಲ? ಹೋಳಿಗೆ ಯಾರಿಗೆ ಬೇಕಾಗಿತ್ತು? ಗಿರಾಕಿ ಸುಳ್ಳು ಹೇಳುತ್ತಿದ್ದಾಳೆ, ನಾನೂ ನೋಡಿದೆ ಎಂಬ ಎರಡು ಮಾತು ಬೇಕಾಗಿತ್ತು. ನೀವು ಆಡಲಿಲ್ಲ. ನಿಮ್ಮ ಮಕ್ಕಳ ಕಾಲಕ್ಕೆ ಕೈ ಮುಗಿದು ಸಾರಿ ಎನ್ನಬೇಕಾಯಿತು. ಅವರ ಮಕ್ಕಳಿಗೆ ನಿಲ್ಲಲು ನೆಲದ ಮೇಲೊಂದು ಗುರುತು ಬಂತು. ನಮಗೆ ಕಲ್ಲು ಬಂತು.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರು. ಶಿವಲೀಲಕ್ಕ ಹೊಸ ಸೀರೆಯುಟ್ಟು ನೋಡಲು ಬಂದಿದ್ದರು. ಮೈಮುನಾ ಕಲ್ಲು ಹತ್ತಿ ಕೈ ಮುಗಿದಳು. ತಿಪ್ಪೇಶಪ್ಪ ನನ್ನತ್ತ ತಿರುಗಿ ನೋಡಿದ, ನಾನು ಸುಮ್ಮನಿರುತ್ತೇನೆಂಬ ಧೈರ್ಯದಲ್ಲಿ. "ಅಕ್ಷತೆ ರುಚಿ ಹೆಂಗಿತ್ರೀ ಸಾಹೇಬ್ರೆ?" ಎಂದು ಕೇಳಿದೆ. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಸೂಜಿತೂತು, ಅರಿಶಿಣ, ಕಾಳು, ನುಂಗಿದ್ದು, ಎಲ್ಲವನ್ನೂ ಹೇಳಿದೆ. ನಗೆಕಣ್ಣುಗಳು ಸಾಲಾಗಿ ಕೆಂಪಗಾದವು. ನಗು ನನ್ನೊಬ್ಬಳದೇ ಇಳಿದಿರಲಿಲ್ಲ. ಶಿವಲೀಲಕ್ಕ ಸೆರಗು ಬಿಗಿದುಕೊಂಡು ಸರಸರನೆ ನಡೆದುಬಿಟ್ಟರು. ತಿಪ್ಪೇಶಪ್ಪ ನನ್ನ ಕೆಲಸ ಹೋಯಿತೆಂದು ಕಿರುಚಿದ, ನೀನೂ ಕಲ್ಲು ಹತ್ತು ಎಂದ.

ಹತ್ತಲಿಲ್ಲ. ಹೋಗಿ ಅದರ ಮೇಲೆ ಕೂತೆ. ಮೈಮುನಾಳ ಕೈ ಜಗ್ಗಿ ಅವಳನ್ನೂ ಕೂರಿಸಿಕೊಂಡೆ. ಹನ್ನೊಂದು ವರ್ಷದಲ್ಲಿ ಈ ಅಂಗಡಿಯೊಳಗೆ ನಾನು ಕೂತದ್ದು ಇದೇ ಮೊದಲು. ಕಲ್ಲು ತಣ್ಣಗೆ ಹಿತವಾಗಿದೆ, ಕೂರಲೆಂದೇ ಮಾಡಿದ ಹಾಗಿದೆ. ಈ ಪತ್ರವನ್ನು ಇಲ್ಲಿಂದಲೇ, ತೊಡೆಯ ಮೇಲೆ ಸೀರೆಡಬ್ಬದ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಮೈಮುನಾ ಗಡಗಡ ನಡುಗುತ್ತಿದ್ದಾಳೆ, ಅವಳ ಮೊಣಕೈ ತಾಗಿ ಅಕ್ಷರ ಸೊಟ್ಟಗಾಗುತ್ತಿದೆ. ಕಾವಲುಗಾರರನ್ನು ಕರೆಸಿದ್ದಾರಂತೆ. ಬರಲಿ. ನಾಳೆ ಅವ್ವನಿಗೆ ಗಂಜಿಗೆ ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ, ಭಯವಾಗುತ್ತಿದೆ.

ನಿಮ್ಮ ಅಂಗಡಿಗಳಲ್ಲಿ ಈ ಕಲ್ಲು ಇನ್ನೂ ಇಲ್ಲ. ನಿಮ್ಮ ಪಕ್ಕದವಳ ಕೈಯಲ್ಲಿ ಮಾಡದ ತಪ್ಪಿಗೆ ಸಾರಿ ಹೇಳಿಸುವಾಗ ತಲೆಯೆತ್ತಿ, ಕಂಡದ್ದನ್ನು ಹೇಳಿ. ನಾನು ನಿಮ್ಮಲ್ಲಿ ಬೇಡುವುದು ಇಷ್ಟೇ.

ಇದೀಗ ಶರ್ಟಿನ ಕೌಂಟರಿನ ಬಸಲಿಂಗ ಒಂದು ಚೊಂಬು ನೀರು ತಂದುಕೊಟ್ಟ. ಕೊಟ್ಟವನು ತನ್ನ ಕೌಂಟರಿಗೆ ಹೋಗಿಲ್ಲ, ನಮ್ಮೆದುರು ನಿಂತೇ ಇದ್ದಾನೆ. ನಾನೂ ಮೈಮುನಾಳೂ ಇನ್ನೊಬ್ಬರಿಗೆ ಜಾಗವಾಗುವಷ್ಟು ಸರಿದು ಕೂತಿದ್ದೇವೆ.

ಹಾಲಮ್ಮ