ಗೊಣಗಿಯ ಮೊಣಕಾಲು

ಏಪ್ರಿಲ್ ೧೮, ಗುರುವಾರ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯೆ? ಭಾವನ ಕೆಮ್ಮು ಕಡಿಮೆಯಾಯಿತೆ? ನಿನ್ನ ಎರಡು ಕಾಗದಗಳೂ ಔಷಧಿ ಕಪಾಟಿನ ಮೇಲೆ ಕೂತು ತಿಂಗಳಿಂದ ನನ್ನನ್ನೇ ದಿಟ್ಟಿಸುತ್ತಿವೆ. ಬೈದುಕೋ, ಬೇಡವೆನ್ನುವುದಿಲ್ಲ. ಕಾರಣ ಕೇಳಿದ ಮೇಲೆ ಬೈ, ಅಷ್ಟೆ.

ನಮ್ಮ ಮೃಗಾಲಯದಲ್ಲಿ ಹದಿನಾಲ್ಕು ತಿಂಗಳಿನ ಹೆಣ್ಣು ಚಿರತೆಯೊಂದಿದೆ. ಊಟ ತಡವಾದರೂ ಗೊಣಗುತ್ತದೆ, ಬೇಗ ಬಂದರೂ ಗೊಣಗುತ್ತದೆ. ಹಾಗಾಗಿ ಎಲ್ಲರ ಬಾಯಲ್ಲೂ ಅದು ಗೊಣಗಿ. ಫೆಬ್ರವರಿಯಿಂದ ಹಿಂದಿನ ಎಡಗಾಲನ್ನು ಎತ್ತಿಕೊಂಡೇ ಕುಂಟತೊಡಗಿತು. ಎಕ್ಸ್‌-ರೇ ತೆಗೆದು ನೋಡಿದರೆ ಮೊಣಕಾಲಿನ ಚಿಪ್ಪು ತನ್ನ ಜಾಗದಲ್ಲಿ ನಿಲ್ಲದೆ ಒಳಬದಿಗೆ ಜಾರಿತ್ತು. ಹುಟ್ಟಿನಿಂದ ಬಂದ ದೋಷ. ಚಿಪ್ಪು ಓಡಾಡಲು ತೊಡೆಮೂಳೆಯ ತುದಿಯಲ್ಲಿ ಕಾಲುವೆಯಂಥ ಒಂದು ತಗ್ಗು ಇರಬೇಕು, ಇವಳಿಗೆ ಅದು ಚಪ್ಪಟೆ. ಹಾಗೇ ಬಿಟ್ಟರೆ ಕೀಲು ಸವೆದು ಕಾಲು ಸೆಟೆದುಕೊಳ್ಳುತ್ತದೆ. ನೆಗೆಯಲಾರದ ಚಿರತೆಯ ಬಾಳು ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಗಾಯ, ಹುಣ್ಣು, ಹಲ್ಲು ನೋಡಿಕೊಂಡಿದ್ದವಳು, ಕೀಲು ಬಿಚ್ಚಿದವಳಲ್ಲ. ಊರಿನ ಇನ್ನೊಂದು ತುದಿಯಲ್ಲಿ ನಾಯಿಗಳ ಮೂಳೆ ಆಪರೇಷನ್ ಮಾಡುವ ಡಾಕ್ಟರೊಬ್ಬರಿದ್ದಾರೆ. ಅವರ ಬಳಿಗೆ ಹೋದೆ.

"ನನ್ನ ಪೇಷೆಂಟುಗಳು ಎಚ್ಚರ ಆದ್ಮೇಲೆ ಕೈ ನೆಕ್ತಾವೆ. ನಿಮ್ಮವಳು?"

"ನೆಕ್ಕೋಕೆ ಕೈ ಉಳಿಸೋಲ್ಲ, ಸಾರ್."

ಜೋರಾಗಿ ನಕ್ಕು ಒಪ್ಪಿಕೊಂಡರು.

ಹೋದ ತಿಂಗಳು ಇಪ್ಪತ್ತೇಳಕ್ಕೆ, ಬೆಳಿಗ್ಗೆ ಒಂಬತ್ತಕ್ಕೆ ಅರಿವಳಿಕೆಯ ಸೂಜಿ ಹಾರಿಸಿದೆ. ಗೊಣಗಿಯನ್ನು ನೋಡಿಕೊಳ್ಳುವ ಪಾಲಕರು, ನಾವೆಲ್ಲ ಮೀಸೆಯಣ್ಣ ಎನ್ನುವವರು, ಸ್ಟ್ರೆಚರಿನ ತುದಿ ಹಿಡಿದು ಒಳಗೆ ತಂದಿಟ್ಟು, ಆಮೇಲೆ ಗಾಜಿನ ಕಿಟಕಿಯಾಚೆ ನಿಂತರು. ಚಾಕು ಡಾಕ್ಟರ ಪಾಲು. ಉಸಿರು, ನಾಡಿ, ಮೈಬಿಸಿ ನನ್ನ ಪಾಲು. ಅವರು ತಗ್ಗನ್ನು ಆಳ ಮಾಡಿದರು. ಚಿಪ್ಪನ್ನು ಎಳೆಯುವ ಸ್ನಾಯು ಕಚ್ಚಿಕೊಂಡಿದ್ದ ಮೂಳೆಯ ತುಣುಕನ್ನು ಕತ್ತರಿಸಿ ಪಕ್ಕಕ್ಕೆ ಸರಿಸುತ್ತಿದ್ದಾಗ ಗೊಣಗಿಯ ಎದೆ ಏಳಲಿಲ್ಲ. ಕಾದೆ. ಮತ್ತೂ ಏಳಲಿಲ್ಲ. ನಾಲಿಗೆ ನೀಲಿಗಟ್ಟುತ್ತಿತ್ತು.

"ನಿಲ್ಲಿಸ್ಲಾ?" ಎಂದರು ಡಾಕ್ಟರು.

"ತುಣುಕು ಕೂರಿಸದೆ ಮುಚ್ಚಿದ್ರೆ?"

"ಕಾಲು ಹೋದ ಹಾಗೇ."

"ಹಾಗಾದ್ರೆ ನಿಲ್ಲಿಸ್ಬೇಡಿ. ಉಸಿರು ನಾನು ನೋಡ್ಕೋತೀನಿ."

ಅರಿವಳಿಕೆ ತಗ್ಗಿಸಿ, ಗಂಟಲಿನ ಕೊಳವೆಗೆ ಜೋಡಿಸಿದ ಗಾಳಿಯ ಚೀಲವನ್ನು ಹಿಸುಕತೊಡಗಿದೆ. ಹೆಚ್ಚು ತಗ್ಗಿಸಿದರೆ ಮೇಜಿನ ಮೇಲೇ ಕಣ್ಣು ಬಿಡುತ್ತಾಳೆ. ತಗ್ಗಿಸದಿದ್ದರೆ ಬಿಡುವುದೇ ಇಲ್ಲ. ಡಾಕ್ಟರು ಮೂಳೆಯ ತುಣುಕನ್ನು ಹೊಸ ಜಾಗದಲ್ಲಿ ಹಿಡಿದಿಡಲು ಕಂಬಿ ತೂರಿಸುತ್ತಿದ್ದರು. ಹನ್ನೊಂದು ನಿಮಿಷ, ಅಕ್ಕ. ಆಮೇಲೆ ನನ್ನ ಅಂಗೈಯಲ್ಲಿದ್ದ ಚೀಲವನ್ನು ಆಕಡೆಯಿಂದ ಯಾರೋ ಎಳೆದ ಹಾಗಾಯಿತು. ಅವಳೇ. ತಾನಾಗಿ ಉಸಿರೆಳೆದಿದ್ದಳು.

ಅಲ್ಲಿಗೆ ಮುಗಿಯಲಿಲ್ಲ. ನಾಯಿಗಾದರೆ ಬ್ಯಾಂಡೇಜ್ ಸುತ್ತಬಹುದು, ಚಿರತೆ ಅದನ್ನು ಅರೆಗಳಿಗೆಯಲ್ಲಿ ಚಿಂದಿ ಮಾಡುತ್ತದೆ. ಹೊಲಿಗೆಯನ್ನೆಲ್ಲ ಚರ್ಮದೊಳಗೇ ಅಡಗಿಸಿ, ಹತ್ತಲು ಏನೂ ಇಲ್ಲದ ಚಿಕ್ಕ ಬೋನಿನಲ್ಲಿ ಬಿಟ್ಟೆವು. ಮೂರು ದಿನ ಮಾಂಸ ಮುಟ್ಟಲಿಲ್ಲ. ಎರಡು ವಾರ ಕಾಲು ಊರಲಿಲ್ಲ. ನನಗೆ ಅನ್ನ ಇಳಿಯುತ್ತಿರಲಿಲ್ಲ. ಮೊನ್ನೆ ಶನಿವಾರ ಮೀಸೆಯಣ್ಣ ಓಡಿ ಬಂದರು. "ಡಾಕ್ಟ್ರಮ್ಮ, ಬೇಗ ಬನ್ನಿ, ಊರ್ತಿದಾಳೆ!" ಹೋಗಿ ನೋಡಿದರೆ ನಾಲ್ಕೂ ಕಾಲು ನೆಲದ ಮೇಲೆ. ಮೀಸೆಯಣ್ಣ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡರು.

ನೀನು ಚೆನ್ನಾಗಿರು, ಅಕ್ಕ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಪಾಲಿನ ಮುತ್ತುಗಳನ್ನು ನೀನೇ ಕೊಡು. ನನ್ನ ತಲೆಯ ಮೇಲೆ ನಿನ್ನ ಕೈ ಸದಾ ಇರಲಿ.

ನಿನ್ನ ತಂಗಿ

ಮರೆತ ಬರಹ: ಇದು ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು. ಎರಡು ವರ್ಷದ ಹಿಂದೆ ಗೊಣಗಿಯ ಅಣ್ಣನೊಬ್ಬನಿದ್ದ. ಮೀಸೆಯಣ್ಣ ಬಾಟಲಿ ಹಾಲು ಕುಡಿಸಿ ಬೆಳೆಸಿದ ಮರಿ. ಅವನಿಗೂ ಇದೇ ಕಾಲು, ಇದೇ ಚಿಪ್ಪು. ಚಿಕಿತ್ಸೆ ಇಲ್ಲವೆಂದು ಬರೆದು, ಕೊನೆಯ ಇಂಜೆಕ್ಷನ್ ನಾನೇ ಕೊಟ್ಟೆ. ಈ ಡಾಕ್ಟರು ಆಗಲೂ ಇದೇ ಊರಿನಲ್ಲಿದ್ದರು. ಇಷ್ಟೂ ಗೊತ್ತಿಲ್ಲವೆ ಎಂದಾರೆಂಬ ನಾಚಿಕೆಗೆ ಒಂದು ಮಾತು ಕೇಳಲಿಲ್ಲ.

ಶನಿವಾರ ಬೋನಿನೆದುರು ಮೀಸೆಯಣ್ಣ ಕೇಳಿದರು: "ಅವನಿಗೂ ಹೀಗೇ ಮಾಡ್ಬಹುದಿತ್ತಾ, ಡಾಕ್ಟ್ರಮ್ಮ?"

"ಇಲ್ಲ, ಅವನದು ಬೇರೆ ಥರ ಇತ್ತು" ಎಂದೆ.

"ಸದ್ಯ" ಎಂದರು. "ಎರಡು ವರ್ಷದಿಂದ ಅದೊಂದೇ ಕೊರೀತಿತ್ತು. ನಾನೇ ಇನ್ನೂ ಸ್ವಲ್ಪ ಹಟ ಹಿಡೀಬೇಕಿತ್ತೇನೋ ಅಂತ."

ನನ್ನ ತಪ್ಪನ್ನು ಅವರು ತಮ್ಮದೆಂದು ಹೊತ್ತಿದ್ದರು, ನನ್ನ ಸುಳ್ಳು ಅವರ ಹೊರೆ ಇಳಿಸಿತು. ನಿಜ ಹೇಳಿದರೆ ಅವರಿಗೆ ನೋವಾಗುತ್ತದೆಂದು ಐದು ದಿನ ನನ್ನನ್ನೇ ನಂಬಿಸಿಕೊಂಡೆ. ನೋವಿನ ಹೆದರಿಕೆ ಅವರಿಗಲ್ಲ, ನನಗೆ. ಈ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿ ನಿಜ ಹೇಳಲು ನೇರ ಅವರ ಬಳಿಗೇ ಹೋಗುತ್ತೇನೆ. ಮೊದಲು ನಿನಗೆ ಬರೆದದ್ದು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ನಾನು ಹಿಂದಿರುಗದಿರಲಿ ಎಂದು.