ಮೂರನೇ ಸಾಲಿನ ಮೈನಸ್

ವನಜಕ್ಕಾ,

ಚೆನ್ನಾಗಿದ್ಯಾ ಅಂತ ಕೇಳೋ ಹಾಗಿಲ್ಲ. ಅದಕ್ಕೇ ನೇರ ಜಗಳಕ್ಕೆ ಬರ್ತೀನಿ.

ನಿನ್ನೆ ದೇವನಹಳ್ಳಿಯಲ್ಲಿ ನಮ್ಮ ಗಣಿತದ ಟೀಚರ್‌ಗಳಿಗೆ ತರಬೇತಿ. ನೀನು ಹಿಂದಿನ ಸಾಲಲ್ಲಿ ಕೂತು ಕಡ್ಲೆಕಾಯಿ ಬಿಡಿಸ್ತಿದ್ಯಲ್ಲ, ಅದೇ. ಈ ಸಲ ಆನ್‌ಲೈನ್ ಪಾಠಗಳದ್ದು. ಕ್ಲಾಸಲ್ಲಿ ತೋರಿಸಿ ಅಂತ ಗ್ರೂಪಿಗೆ ಮಾರುದ್ದ ಪಟ್ಟಿ ಹಾಕಿದ್ರು. ಅರ್ಧ ಲಿಂಕು ತೆರೆಯೋದೇ ಇಲ್ಲ. ತೆರೆದಿದ್ರಲ್ಲಿ ಒಂದು ಪೂರ್ತಿ ಇಂಗ್ಲಿಷು. ಇನ್ನೊಂದು ಕನ್ನಡವೇ, ಆದ್ರೆ ಮಾತಾಡೋದು ಮೆಷಿನ್ನು, ಬಸ್‌ಸ್ಟ್ಯಾಂಡಲ್ಲಿ ಕೂಗಿದಂಗೆ ಬೀಜಗಣಿತ ಕೂಗುತ್ತೆ. ಕೊನೆಗೆ ಪರದೆ ಮೇಲೆ ನೀನು ಬಂದೆ. ಅದೇ ಹಸಿರು ಸೀರೆ, 'ಬನ್ರೋ, ಆವರಣ ಬಿಡಿಸೋಣ' ಅನ್ನೋ ಅದೇ ದನಿ. ಅಷ್ಟರಲ್ಲಿ ತರಬೇತಿ ಕೊಡೋ ಮೇಷ್ಟ್ರು ವಿಡಿಯೋ ನಿಲ್ಲಿಸಿದ್ರು. 'ಮೂರನೇ ಸಾಲಲ್ಲೇ ತಪ್ಪು. ಇಂಥದ್ದು ತೋರಿಸ್ಬೇಡಿ' ಅಂತ ಪಟ್ಟಿಯಿಂದ ನಿನ್ನ ಹೆಸರು ತೆಗೆದೇಬಿಟ್ರು.

ಮೈನಸ್ ಮೂರರಿಂದ ಮೈನಸ್ ನಾಲ್ಕನ್ನ ಗುಣಿಸಿದ್ರೆ ಪ್ಲಸ್ ಹನ್ನೆರಡು ಅಂತ ನಿಂಗೆ ಗೊತ್ತಿರ್ಲಿಲ್ವಾ? ಆವತ್ತು ವಿಡಿಯೋ ತೆಗೆಯೋಕೆ ಫೋನ್ ಹಿಡಿದಿದ್ದೋಳು ನಾನೇ. 'ಅಕ್ಕಾ, ಮೈನಸ್ ಬರೆದ್ಯಲ್ಲ' ಅನ್ನೋಕೆ ಹೋದ್ರೆ ಕಣ್ಣಲ್ಲೇ ಗದರಿಸಿದೆ. ಕ್ಲಾಸಲ್ಲಿ ದಿನಾ ಆಡ್ತಿದ್ದ ಆಟ ತಾನೇ? ಬೋರ್ಡ್ ಮೇಲೆ ಬೇಕಂತಲೇ ಒಂದು ತಪ್ಪು, ಹಿಡಿದ ಮಗುವಿಗೆ ಕಡ್ಲೆ ಚಿಕ್ಕಿ. ಆದ್ರೆ ಕ್ಲಾಸಲ್ಲಿ ಬೆಲ್ ಹೊಡೆಯೋಷ್ಟರಲ್ಲಿ ನೀನೇ ತಿದ್ದಿರ್ತಿದ್ದೆ. ಈ ವಿಡಿಯೋಗೆ ಮಾತ್ರ 'ನಾಳೆ ಹೇಳೋಣ ಬಿಡೇ, ಒಂದಿನ ತಲೆ ಕೆರ್ಕೊಳ್ಳಲಿ' ಅಂದೆ. ನಾಳೆಯಂತೆ. ಆ ರಾತ್ರಿಯೇ ಎದೆನೋವು ಅಂತ ಆಸ್ಪತ್ರೆಗೆ ಹೋದೋಳು ವಾಪಸ್ ಬರ್ಲೇ ಇಲ್ಲ.

ನಿನ್ನ ಚಾನೆಲ್ಲಿನ ಪಾಸ್‌ವರ್ಡಾದ್ರೂ ಹೇಳ್ಬಾರ್ದಿತ್ತಾ? ಭಾವ ನಿನ್ನ ಫೋನ್ ಹಿಡ್ಕೊಂಡು ಮಗಳ ಹೆಸರು, ಮನೆದೇವ್ರ ಹೆಸರು, ಹಸು ಹೆಸರು ಎಲ್ಲಾ ಒತ್ತಿ ಸೋತ್ರು. ಆ ತಪ್ಪನ್ನ ಈಗ ಯಾರೂ ತಿದ್ದೋ ಹಾಗಿಲ್ಲ. ಆಟದ ನಿಯಮ ನೀನು ಹೇಳಿರೋದು ಮೊದಲ್ನೇ ವಿಡಿಯೋದಲ್ಲಿ, ಅದನ್ನ ಯಾರು ನೋಡ್ತಾರೆ? ಕೆಳಗಡೆ ಕಾಮೆಂಟಲ್ಲಿ ಪಡ್ಡೆಗಳು 'ಈ ಮೇಡಂಗೆ ಗಣಿತ ಕಲಿಸ್ದೋರು ಯಾರು ಗುರು' ಅಂತ ಆಡ್ಕೋತಾರೆ. ಓದಿದ್ರೆ ಮೈ ಉರಿಯುತ್ತೆ.

ತರಬೇತಿಯಲ್ಲಿ ನಾನು ಎದ್ದುನಿಂತು, 'ಅದು ಬೇಕಂತಲೇ ಬಿಟ್ಟಿರೋದು ಸಾರ್' ಅಂದೆ. ಎಲ್ರೂ ನಕ್ಕರು. 'ಹಂಗಾದ್ರೆ ಸರಿ ಉತ್ತರ ಎಲ್ಲಿದೆ ಮೇಡಂ? ಮಕ್ಕಳು ಹಂಗೇ ಬರ್ಕೊಂಡ್ರೆ?' ಅಂದ್ರು ಮೇಷ್ಟ್ರು. ಅವರ ಮಾತೂ ಸುಳ್ಳಲ್ವಲ್ಲ ಅಕ್ಕಾ.

ವಾಪಸ್ ಬರ್ತಾ ಬಸ್ಸಲ್ಲಿ ಸಿಟ್ಟಿಗೇ ನಿನ್ನ ವಿಡಿಯೋ ಮತ್ತೆ ಹಾಕಿದೆ. ಆವತಿ ಊರು ದಾಟೋವಾಗ ಕಣ್ಣಿಗೆ ಬಿತ್ತು, ಆ ಬೈಗುಳದ ಮಧ್ಯೆ ಹೊಸದೊಂದು: 'ಮಿಸ್, ನಾನು ಸೂಲಿಬೆಲೆ ಸ್ಕೂಲು, ಎಂಟನೇ ಕ್ಲಾಸ್ ರಂಜಿತಾ. ಮೊದಲಿಂದ ಎಲ್ಲಾ ವಿಡಿಯೋ ನೋಡಿದೀನಿ. ಮೂರನೇ ಸಾಲಲ್ಲಿ ಪ್ಲಸ್ ಬರ್ಬೇಕು. ಚಿಕ್ಕಿ ಯಾವಾಗ ಕೊಡ್ತೀರಾ?'

ಬಸ್ಸಲ್ಲೇ ಅತ್ತುಬಿಟ್ಟೆ. ಅದನ್ನ ಹಂಗೇ ತರಬೇತಿ ಮೇಷ್ಟ್ರಿಗೆ ಕಳಿಸಿದೆ. ಇವತ್ತು ಬೆಳಿಗ್ಗೆ ನಿನ್ನ ಹೆಸರು ಪಟ್ಟಿಗೆ ವಾಪಸ್ ಬಂತು, ಪಕ್ಕದಲ್ಲಿ ಒಂದು ಮಾತು ಸೇರಿಸಿದಾರೆ: 'ಒಂದು ತಪ್ಪಿದೆ. ಮಕ್ಕಳು ಹುಡುಕಲಿ, ಆಮೇಲೆ ನೀವು ತಿದ್ದಿ.'

ಇನ್ನೇನು ಮಾಡ್ಲಿ, ನಾಳೆ ರಜೆ ಹಾಕಿ ಸೂಲಿಬೆಲೆಗೆ ಹೋಗ್ತೀನಿ. ಚಿಕ್ಕಿ ತಂದಿಟ್ಟಿದೀನಿ. 'ವನಜಾ ಮಿಸ್ ಯಾಕೆ ಬರ್ಲಿಲ್ಲ?' ಅಂತ ಆ ಮಗು ಕೇಳಿದ್ರೆ ಏನು ಹೇಳ್ಲಿ? ಅದನ್ನೂ ನನ್ನ ತಲೆಗೇ ಕಟ್ಟಿ ಹೋದ್ಯಲ್ಲ ಅಕ್ಕಾ.

ನಿನ್ನ
ಸುಜಾತ